ಪೆದ್ದಪ್ಪನ ಗೋಡೆಗೆ ಕೇಳಿಸಿದ ಬೇಸ್ ಗಿಟಾರು

ಮುನಿಕೃಷ್ಣಪ್ಪನ ಗಿಟಾರಿಗೆ ನಾಲ್ಕೇ ತಂತಿ ಇದ್ದದ್ದು ಅವನ ಎಲ್ಲ ಅವಮಾನಗಳಿಗೂ ಮೂಲವಾಗಿತ್ತು. ಅವನು ನುಡಿಸುತ್ತಿದ್ದ ಆರ್ಕೆಸ್ಟ್ರಾದ ಇನ್ನೊಂದು ಗಿಟಾರಿಗೆ ಆರು ತಂತಿ ಇರುವುದನ್ನು ಮಾಲೂರಿನ ಜನ ಎಣಿಸಿ ನೋಡಿದ್ದರು. ಆದ್ದರಿಂದ ಉಳಿದ ಎರಡನ್ನು ಒಂದೋ ಇವನೇ ಕಿತ್ತುಹಾಕಿದ್ದಾನೆ, ಇಲ್ಲವೇ ಅಂಗಡಿಯವನು ಟೋಪಿ ಹಾಕಿದ್ದಾನೆ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಇದು ಬೇಸ್ ಗಿಟಾರು, ಇದಕ್ಕಿರುವುದೇ ನಾಲ್ಕು ತಂತಿ, ಹಾಡಿಗೆಲ್ಲ ಇದೇ ತಳಪಾಯ ಎಂದು ಅವನು ತಾನು ಗುಮಾಸ್ತನಾಗಿದ್ದ ಹೆಂಚಿನ ಕಾರ್ಖಾನೆಯಲ್ಲಿ, ಬೆಂಗಳೂರು ರೈಲಿನಲ್ಲಿ, ಕ್ಷೌರದಂಗಡಿಯಲ್ಲಿ ಗಂಟಲು ಹರಿಯುವಂತೆ ವಿವರಿಸಿದ್ದ. ಕೇಳಿದವರೆಲ್ಲ ಕಾಯಿಲೆಯವನ ಮಾತು ಕೇಳುವಂತೆ ಕೇಳಿ ತಲೆಯಾಡಿಸಿದ್ದರು.

ಎಂಬತ್ತಮೂರನೇ ಇಸವಿಯ ನವೆಂಬರಿನ ಆ ಭಾನುವಾರ ಬೆಳಗ್ಗೆಯೂ ಹಾಗೇ ಆಯಿತು. ಹುತ್ತೂರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮವಿತ್ತು. ಮುನಿಕೃಷ್ಣಪ್ಪ ಗಿಟಾರನ್ನು ಒರೆಸುತ್ತ ಜಗಲಿಯಲ್ಲಿ ಕೂತಿದ್ದಾಗ ಪಕ್ಕದ ಮನೆಯ ಗಂಗರತ್ನಮ್ಮ ಒಂದು ಮಾರು ಕಬ್ಬಿಣದ ತಂತಿ ಹಿಡಿದುಕೊಂಡು ಬಂದರು.

"ತಗೊಳ್ಳಪ್ಪ, ಬಟ್ಟೆ ಒಣಗ್ಹಾಕೋಕೆ ತಂದಿದ್ದು, ಮಿಕ್ಕೈತೆ. ಎರಡು ತುಂಡು ಮಾಡಿ ಕಟ್ಕೋ. ಪಾಪ, ಎಷ್ಟು ದಿನ ಅಂತ ಹಂಗೇ ಅರ್ಧಂಬರ್ಧ ನುಡಿಸ್ತೀಯಾ?"

ಅವರ ದನಿಯಲ್ಲಿ ಕುಹಕವಿದ್ದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಇದ್ದದ್ದು ಶುದ್ಧ ಕನಿಕರ. ಮುನಿಕೃಷ್ಣಪ್ಪನಿಗೆ ಮೈ ಉರಿದುಹೋಯಿತು. ತಂತಿಯನ್ನು ತೆಗೆದುಕೊಂಡು, ಹಲ್ಲು ಕಚ್ಚಿ "ಆಯ್ತು ಅಕ್ಕಾ" ಎಂದ.

ಹತ್ತು ಗಂಟೆಗೆ ಟೆಂಪೋ ಬಂತು. ಟೆಂಪೋದ ಮುಂದಿನ ಸೀಟಿನಲ್ಲಿ ಆರ್ಕೆಸ್ಟ್ರಾದ ಒಡೆಯನೂ ಮುಖ್ಯ ಗಾಯಕನೂ ಆದ ಕೋದಂಡರಾಮಪ್ಪ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದ. ಪಕ್ಕದಲ್ಲಿ ಅವನ ಭಾಮೈದ ಸೊಣ್ಣಪ್ಪ. ಸೊಣ್ಣಪ್ಪನ ಕೈಯಲ್ಲಿ ಗುಂಡಗಿನ ಚೌಕಟ್ಟಿಗೆ ಪುಟ್ಟ ತಾಳಗಳನ್ನು ಸಿಕ್ಕಿಸಿದ ಟ್ಯಾಂಬರೀನ್ ಇತ್ತು. ಎಲ್ಲರೂ ಅದನ್ನು ಜಲ್ಲು ಎನ್ನುತ್ತಿದ್ದರು. ಅದನ್ನು ಅಲ್ಲಾಡಿಸುವುದೊಂದೇ ಅವನ ಸಂಗೀತ, ಅಕ್ಕನ ಗಂಡ ಹಾಡುವುದೊಂದೇ ಅವನ ಅರ್ಹತೆ.

ಮುನಿಕೃಷ್ಣಪ್ಪ ತನ್ನ ಬೇಸ್ ಬಾಕ್ಸನ್ನು ಹೊರಲಾರದೆ ಹೊತ್ತುಕೊಂಡು ಬಂದ. ಗಿಟಾರು ಆರ್ಕೆಸ್ಟ್ರಾದ್ದು. ಆದರೆ ಬಾಕ್ಸು ಅವನದೇ. ಬಡಗಿ ನಜೀರ್ ಅಹಮದ್ ಸಾಬರ ಹಿಂದೆ ಆರು ತಿಂಗಳು ಅಲೆದು, ದಪ್ಪ ಹಲಗೆಯಲ್ಲಿ ಮಾಡಿಸಿ, ಒಳಗೆ ದೋಸೆಕಲ್ಲಿನಷ್ಟು ಅಗಲದ ಸ್ಪೀಕರ್ ಕೂರಿಸಿದ ಬಾಕ್ಸು. ಇಬ್ಬರು ಕೂರುವ ಜಾಗವನ್ನು ಅದೊಂದೇ ನುಂಗುತ್ತಿತ್ತು.

"ಮುನಿಕೃಷ್ಣ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದ ಕೋದಂಡರಾಮಪ್ಪ. "ಈ ಪೆಟ್ಟಿಗೆ ದೆಸೆಯಿಂದ ಕೋರಸ್ ಹುಡುಗೀರನ್ನ ಬಸ್ಸಲ್ಲಿ ಕಳಿಸ್ತಾ ಇದೀನಿ. ಮೂರು ವರ್ಷದಿಂದ ನುಡಿಸ್ತಿದೀಯಾ, ಒಬ್ಬ ನರಪಿಳ್ಳೆನಾದ್ರೂ ಬೇಸ್ ಕೇಳಿಸ್ತು ಅಂದಿದ್ದಾನಾ?"

"ಅದು ಕಿವಿಗೆ ಕೇಳಿಸೋದಲ್ಲ ಕೋದಂಡಣ್ಣ. ಮೈಗೆ..."

"ಮೈಗೆ ಬೇಕಾದ್ರೆ ಎಣ್ಣೆ ಹಚ್ಚಿಸ್ಕೊಳ್ತಾರೆ. ಹಾಡು ಕಿವೀಗೆ ಕಣೋ. ಇವತ್ತು ನೋಡೋಣ. ಹುತ್ತೂರಲ್ಲಿ ಒಬ್ಬನೇ ಒಬ್ಬ ತಾನಾಗೇ ಬಂದು ಕೇಳಿಸ್ತು ಅನ್ಲಿ, ಬೇಸ್ ಇರಲಿ. ಇಲ್ಲಾಂದ್ರೆ ಇವತ್ತಿಗೇ ಕೊನೆ."

ಸೊಣ್ಣಪ್ಪ ಒಪ್ಪಿಗೆಯ ಸೂಚಕವಾಗಿ ಜಲ್ಲು ಅಲ್ಲಾಡಿಸಿದ.

ದಾರಿಯುದ್ದಕ್ಕೂ ಮುನಿಕೃಷ್ಣಪ್ಪ ಒಳಗೊಳಗೇ ಕುದಿಯುತ್ತಿದ್ದ. ಮೂರು ವರ್ಷ! ಬೆರಳ ತುದಿಯ ಚರ್ಮ ಸುಲಿದು, ಒಣಗಿ, ಮತ್ತೆ ಸುಲಿದ ಮೂರು ವರ್ಷ. ಕೋದಂಡರಾಮಪ್ಪ ಚರಣದ ನಡುವೆ ಪದ ಮರೆತು ನಿಂತಾಗ, ಡ್ರಮ್ಮಿನವನು ಊಟದ ಯೋಚನೆಯಲ್ಲಿ ತಾಳ ತಪ್ಪಿದಾಗ, ಹಾಡು ಮುಗ್ಗರಿಸದಂತೆ ಹಿಡಿದುಕೊಂಡವರು ಯಾರು? ಚಪ್ಪಾಳೆ ಮಾತ್ರ ಯಾರಿಗೆ? ಇದಕ್ಕಿಂತ ದೊಡ್ಡ ಅನ್ಯಾಯ ಕೋಲಾರ ಜಿಲ್ಲೆಯಲ್ಲಿ ನಡೆದಿರಲಾರದು ಎಂದು ಅವನಿಗನ್ನಿಸಿತು.

ಹುತ್ತೂರಿನಲ್ಲಿ ಹಾಲಿನ ಡೈರಿಯ ಮುಂದೆ ವೇದಿಕೆ ಹಾಕಿದ್ದರು. ಮೈಕ್ ಸೆಟ್ಟಿನ ಲಿಯಾಖತ್ ಆಗಲೇ ಬಂದು ತಂತಿ ಎಳೆದಿದ್ದ. ಮುನಿಕೃಷ್ಣಪ್ಪ ಬಾಕ್ಸನ್ನು ಇಳಿಸಿ, ಪ್ಲಗ್ಗು ಹುಡುಕಿಕೊಂಡು ಹೋಗಿ ಬರುವಷ್ಟರಲ್ಲಿ ಅದರ ಮೇಲೆ ಎರಡು ಟೀ ಲೋಟ, ಒಂದು ಎಲೆಅಡಿಕೆ ಚೀಲ, ಜೊತೆಗೆ ಒಬ್ಬ ಅಜ್ಜಿ ಕೂತಿದ್ದವು.

"ಅಜ್ಜೀ, ಇದು ಕೂರೋದಲ್ಲ. ಇದರಿಂದ ಸದ್ದು ಬರ್ತದೆ."

"ನಾನು ಕೂತು ಬಾಳ ಹೊತ್ತಾಯ್ತಪ್ಪಾ, ಏನೂ ಬರಲಿಲ್ಲ," ಎಂದಿತು ಅಜ್ಜಿ.

ಲಿಯಾಖತ್‌ಗೆ ನಗು ಬಂತು. "ಅರೆ ಭಾಯ್, ನನ್ನ ಹಾರ್ನಲ್ಲಿ ನಿಮ್ಮ ಗುಂಯ್ ಅನ್ನೋದು ಬರೋಲ್ಲ. ನಾಯಿ ಬೊಗಳೋದಾದ್ರೆ ಪಕ್ಕದೂರಿಗೂ ಕೇಳಿಸ್ತೀನಿ. ನಿಮ್ಮದು ಕೇಳ್ಬೇಕು ಅಂದ್ರೆ ಡಬ್ಬಾನ ಆ ಮೂಲೆಗೆ ಒತ್ತಿ, ಬೆನ್ನು ಗೋಡೆಗೆ ತಾಗಿಸಿಡಿ. ಆಮೇಲೆ ನೋಡಿ ಮಜಾ."

ಆ ಜಿಲ್ಲೆಯಲ್ಲಿ ಬೇಸಿನ ಬಗ್ಗೆ ಮರ್ಯಾದೆಯಿಂದ ಒಂದು ಬುದ್ಧಿಮಾತು ಹೇಳಿದ ಮೊದಲ ಮನುಷ್ಯ ಅವನೇ. ವೇದಿಕೆಯ ಒಂದು ಬದಿ ಉದ್ದನೆಯ ಒಂದು ಮನೆಯ ಗೋಡೆಗೆ ಅಂಟಿಕೊಂಡಿತ್ತು. ಮುನಿಕೃಷ್ಣಪ್ಪ ಬಾಕ್ಸನ್ನು ಅಲ್ಲಿಗೆ ಒತ್ತಿ, ಸದ್ದಿನ ತಿರುಪನ್ನು ಎಂದೂ ಇಲ್ಲದಷ್ಟು ಬಲಕ್ಕೆ ತಿರುಗಿಸಿದ.

ನಾಲ್ಕು ಗಂಟೆಗೆ ಕಾರ್ಯಕ್ರಮ ಶುರುವಾಯಿತು. ಎರಡು ಹಾಡು ಮುಗಿದವು. ಜನ ಚಪ್ಪಾಳೆ ತಟ್ಟಿದರು, ಸೊಣ್ಣಪ್ಪ ಎದ್ದು ನಿಂತು ನಮಸ್ಕಾರ ಮಾಡಿದ. ಬೇಸಿನ ಬಗ್ಗೆ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಮೂರನೇ ಹಾಡಿನ ಪಲ್ಲವಿ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಪಕ್ಕದ ಮನೆಯಿಂದ ಪಂಚೆ ಎತ್ತಿ ಕಟ್ಟಿದ ಒಬ್ಬಾತ ಜನರನ್ನು ಸೀಳಿಕೊಂಡು ವೇದಿಕೆಗೆ ಹತ್ತಿಬಂದ. ಅವನು ರೇಷ್ಮೆಹುಳು ಸಾಕುವ ಪೆದ್ದಪ್ಪ. ಸಿಟ್ಟು ಬಂದರೆ ಅವನಿಗೆ ಮೊದಲು ತೆಲುಗು ಬರುತ್ತಿತ್ತು, ಕನ್ನಡ ಅದರ ಹಿಂದೆ ಓಡಿಬರುತ್ತಿತ್ತು.

"ಎವುರ್ರಾ ಅದಿ? ಯಾವನ್ಲಾ ಅದು ದಡ್ ದಡ್ ಅಂತ ಗುದ್ದೋನು? ಒಳಗೆ ಹುಳ ನಾಲ್ಕನೇ ಜ್ವರಕ್ಕೆ ಕೂತವೆ! ಪೊರೆ ಬಿಡೋ ಹೊತ್ತಲ್ಲಿ ಅಲ್ಲಾಡಬಾರದು ಅಂತ ನಾವು ಮನೆಯೋರೆಲ್ಲ ಕಾಲ್ತುದೀಲಿ ಓಡಾಡ್ತಾ ಇದೀವಿ, ಇಲ್ಲಿ ಹುಳದ ತಟ್ಟೆತಟ್ಟೇನೇ ನಡುಗ್ತಾ ಐತೆ!"

ಹಾಡು ನಿಂತಿತು. ಕೋದಂಡರಾಮಪ್ಪ ಕೈಮುಗಿದು, "ಡ್ರಮ್ ಇರಬೇಕು ಯಜಮಾನರೇ, ಮೆಲ್ಲಗೆ ಬಾರಿಸ್ತಾನೆ," ಎಂದ.

"ಯಾವುದೂಂತ ನಾನೇ ನೋಡ್ತೀನಿ. ಒಬ್ಬೊಬ್ಬರೇ ಬಾರಿಸ್ರಿ," ಎಂದು ಪೆದ್ದಪ್ಪ ತನ್ನ ಮನೆಯ ಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವನಂತೆ ಇತ್ತು ಆ ನಿಲುವು.

ಡ್ರಮ್ಮಿನವನು ಬಾರಿಸಿದ. ಪೆದ್ದಪ್ಪ ತಲೆಯಾಡಿಸಿದ. "ಇದಲ್ಲ." ಹಾರ್ಮೋನಿಯಂ, ಅಲ್ಲ. ಆರು ತಂತಿಯ ಗಿಟಾರು, ಅಲ್ಲ. ಕೋದಂಡರಾಮಪ್ಪ ಉಸಿರು ಹಿಡಿದು ಒಂದು ಆಲಾಪ ತೆಗೆದ. "ಇದಂತೂ ಏನೂ ಇಲ್ಲ," ಎಂದ ಪೆದ್ದಪ್ಪ. ಸೊಣ್ಣಪ್ಪನ ಜಲ್ಲಿಗೆ ಅವನು ಕಣ್ಣನ್ನೂ ತೆರೆಯಲಿಲ್ಲ. "ಸೊಳ್ಳೆ ಇದ್ದಂಗೈತೆ. ಮುಂದಕ್ಕೆ."

ಮುನಿಕೃಷ್ಣಪ್ಪ ದಪ್ಪ ತಂತಿಯನ್ನು ಒಂದು ಸಲ ಮೀಟಿದ.

"ಇದೇ! ಇದೇನೇ ಅದು! ಕೈಯೆಲ್ಲ ಜುಂ ಅಂತು!" ಎಂದು ಪೆದ್ದಪ್ಪ ಕಿರುಚಿದ.

ಮುನಿಕೃಷ್ಣಪ್ಪನ ಕಣ್ಣಲ್ಲಿ ನೀರೇ ಬಂತು. "ಕೇಳಿಸ್ತಾ? ನಿಜವಾಗ್ಲೂ ಕೇಳಿಸ್ತಾ ಯಜಮಾನರೇ?" ಎಂದು ಇನ್ನೊಂದು ತಂತಿ ಮೀಟಿದ. "ಇದು? ಇದು ಹೇಗಿದೆ?"

"ಅಯ್ಯೋ ನಿನ್ನ ಮನೆ ಕಾಯ್ವಾಗ, ನಿಲ್ಸಯ್ಯಾ!"

"ಕೋದಂಡಣ್ಣ, ಸಾಕ್ಷಿ ಬಂತಲ್ಲ! ಒಬ್ಬರು ತಾವಾಗೇ ಬಂದು ಕೇಳಿಸ್ತು ಅಂದ್ರು!"

"ಬೈಯೋಕೆ ಬಂದಿದ್ದು ಲೆಕ್ಕಕ್ಕಿಲ್ಲ ಕಣೋ," ಎಂದು ಕೋದಂಡರಾಮಪ್ಪ ತಾನೇ ಹೋಗಿ ಬಾಕ್ಸಿನ ಪ್ಲಗ್ಗು ಕಿತ್ತ. "ಸುಮ್ನೆ ನುಡಿಸೋ ಹಂಗೆ ನಿಂತ್ಕೋ. ನಿನಗೇನು ಅದು ಹೊಸದಲ್ಲ."

ಈ ಮಾತು ಮುನಿಕೃಷ್ಣಪ್ಪನ ಎದೆಗೆ ಮುಳ್ಳಿನಂತೆ ನಾಟಿತು. ಅವನು ಗಿಟಾರಿನಿಂದ ಕೈ ತೆಗೆದು, ಕೈಕಟ್ಟಿಕೊಂಡು, ವೇದಿಕೆಯ ನಡುವೆ ದುರುಗುಟ್ಟಿ ನೋಡುತ್ತ ನಿಂತ. ನುಡಿಸುವಂತೆ ನಟಿಸುವುದಕ್ಕೂ ಅವನ ಸ್ವಾಭಿಮಾನ ಒಪ್ಪಲಿಲ್ಲ.

ನಾಲ್ಕನೇ ಹಾಡು ಶುರುವಾಯಿತು. ಮೊದಲ ಸಾಲು ಹೇಗೋ ದಾಟಿತು. ಆಮೇಲೆ ಡ್ರಮ್ಮಿನವನು ಅಭ್ಯಾಸಬಲದಿಂದ ಮುನಿಕೃಷ್ಣಪ್ಪನ ಬೆರಳು ನೋಡಿದ. ಬೆರಳು ಕಂಕುಳಲ್ಲಿತ್ತು. ಗಾಬರಿಗೆ ಡ್ರಮ್ಮಿನವನ ತಾಳ ಓಡತೊಡಗಿತು. ಅವನ ಹಿಂದೆ ಹಾರ್ಮೋನಿಯಂ ಓಡಿತು. ನಿಧಾನದ ಪ್ರೇಮಗೀತೆ ರೈಲು ಹಿಡಿಯುವವರ ಹಾಡಾಯಿತು. ಕೋದಂಡರಾಮಪ್ಪ ಮಫ್ಲರ್ ಕಿತ್ತೆಸೆದು, ಏದುಸಿರು ಬಿಡುತ್ತ ಪದಗಳನ್ನು ಅಲ್ಲಲ್ಲಿ ಉದುರಿಸುತ್ತ ಹಿಂದೆ ಬಂದ. ಸೊಣ್ಣಪ್ಪ ಎಲ್ಲರಿಗಿಂತ ಮೊದಲು ಹಾಡು ಮುಗಿಸಿ ನಮಸ್ಕಾರ ಮಾಡಿದ.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿ, ಬಾಕ್ಸಿನ ಮೇಲೆ ಕೂತಿದ್ದ ಅಜ್ಜಿ ಎದ್ದು ನಿಂತಿತು.

"ಏನಪ್ಪಾ ಇದು, ಮುದ್ದೆ ಇಲ್ಲದ ಸಾರಿನಂಗಾಯ್ತಲ್ಲ! ಆಗಲೇ ಹೊಟ್ಟೆಯೊಳಗೆ ಗುಂಯ್ ಅಂತಾ ಇತ್ತು, ಹಾಯಾಗಿತ್ತು. ಅದನ್ಯಾಕೆ ನಿಲ್ಸಿದ್ರಿ?"

"ಹೌದು, ಗುಂಯ್ ಹಾಕ್ರೋ!" ಎಂದ ಹಿಂದಿನಿಂದ ಒಬ್ಬ. "ಗುಂಯ್! ಗುಂಯ್!" ಎಂದು ಇಡೀ ಹುತ್ತೂರು ಕೂಗತೊಡಗಿತು.

ಕಾರ್ಯಕ್ರಮ ನಡೆಸುತ್ತಿದ್ದ ಯುವಕ ಸಂಘದ ಕಾರ್ಯದರ್ಶಿ ಮುನಿಯಲ್ಲಪ್ಪ ಪೆದ್ದಪ್ಪನ ಗಡ್ಡ ಹಿಡಿದು ಬೇಡಿಕೊಂಡ. ಕೊನೆಗೆ ಬಾಕ್ಸನ್ನು ಗೋಡೆಯಿಂದ ದೂರ, ಆಚೆ ಬದಿಯಲ್ಲಿ ಹುಲ್ಲಿನ ಹಾಸಿನ ಮೇಲೆ ಇಡುವುದೆಂದು ತೀರ್ಮಾನವಾಯಿತು. ಪೆದ್ದಪ್ಪ ಮತ್ತೆ ಗೋಡೆಗೆ ಕೈಯೊತ್ತಿ, "ಸರಿ, ನುಡಿಸ್ಕೊಳ್ರಿ," ಎಂದು ಅಪ್ಪಣೆ ಕೊಟ್ಟ. ಮುನಿಕೃಷ್ಣಪ್ಪ ನುಡಿಸಿದ. ಮೂರು ವರ್ಷದ ಸಿಟ್ಟೆಲ್ಲ ಬೆರಳಿಗೆ ಇಳಿದು ಬಂತು. ಹಾಡುಗಳು ನೆಲದ ಮೇಲೆ ಗಟ್ಟಿಯಾಗಿ ಕಾಲೂರಿ ನಡೆದವು. ಜನ ಎರಡು ಹಾಡನ್ನು ಮತ್ತೊಮ್ಮೆ ಹಾಡಿಸಿದರು. ಕೊನೆಯಲ್ಲಿ ಮುನಿಯಲ್ಲಪ್ಪ ಮೈಕಿನಲ್ಲಿ, "ಮುಂದಿನ ವರ್ಷವೂ ಇದೇ ಆರ್ಕೆಸ್ಟ್ರಾನೇ ಕರೆಸ್ತೀವಿ. ಆದ್ರೆ ಆ ಗುಂಯ್ ಇಲ್ದೆ ಬಂದ್ರೆ ಊರೊಳಕ್ಕೆ ಬಿಡೋಲ್ಲ," ಎಂದು ಘೋಷಿಸಿದ.

ಸಾಮಾನು ಕಟ್ಟುವಾಗ ಕೋದಂಡರಾಮಪ್ಪ ಬಂದು ಮುನಿಕೃಷ್ಣಪ್ಪನ ಹೆಗಲ ಮೇಲೆ ಕೈಯಿಟ್ಟ.

"ತಪ್ಪಾಯ್ತು ಕಣೋ. ಬೇಸ್ ಅಂದ್ರೆ ಏನೂಂತ ಇವತ್ತು ಗೊತ್ತಾಯ್ತು. ಅದಿಲ್ಲದಿದ್ರೆ ನಾನಿಲ್ಲ, ನಮ್ಮ ಆರ್ಕೆಸ್ಟ್ರಾನೂ ಇಲ್ಲ."

"ಬಿಡು ಕೋದಂಡಣ್ಣ," ಎಂದ ಮುನಿಕೃಷ್ಣಪ್ಪ ದೊಡ್ಡ ಮನಸ್ಸಿನಿಂದ. ಮೂರು ವರ್ಷದಲ್ಲಿ ಮೊದಲ ಸಲ ಅವನ ಎದೆ ಹಗುರವಾಗಿತ್ತು.

"ಬಿಡೋ ಮಾತಲ್ಲ ಇದು. ಇಷ್ಟು ಮುಖ್ಯವಾದ್ದನ್ನ ಇಷ್ಟು ದಿನ ಲಕ್ಷ್ಯ ಮಾಡ್ದೆ ಹೊರಗಿನೋರ ಕೈಲಿ ಬಿಟ್ಟಿದ್ದೆ ನೋಡು, ಅದು ನನ್ನ ತಪ್ಪು. ಇವತ್ತು ನೀನು ಕೈಕಟ್ಕೊಂಡು ನಿಂತಾಗ ನನ್ನ ಜೀವ ಬಾಯಿಗೆ ಬಂದಿತ್ತು. ನಾಳೆ ನಿನಗೆ ಇನ್ನೊಂದು ಸಲ ಕೋಪ ಬಂದ್ರೆ? ಅದಕ್ಕೇ ಇನ್ಮೇಲೆ ಬೇಸು ಮನೆಯೋರ ಹತ್ರಾನೇ ಇರಲಿ ಅಂತ. ನಮ್ಮ ಸೊಣ್ಣಪ್ಪ ನುಡಿಸ್ತಾನೆ. ನಾಲ್ಕೇ ತಂತಿ ಅಲ್ವಾ, ನಾಲ್ಕು ದಿನದಲ್ಲಿ ನೀನೇ ಹೇಳ್ಕೊಡು."

ಮುನಿಕೃಷ್ಣಪ್ಪ ಗಿಟಾರಿಗಾಗಿ ಸುತ್ತ ಕಣ್ಣಾಡಿಸಿದ. ಟೆಂಪೋದ ಮುಂದಿನ ಸೀಟಿನಲ್ಲಿ ಸೊಣ್ಣಪ್ಪ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಗಲೇ ಕೂತಾಗಿತ್ತು.

"ಮತ್ತೆ... ನನ್ನ ಬಾಕ್ಸು?" ಎಂದ ಮುನಿಕೃಷ್ಣಪ್ಪ.

"ಬಾಕ್ಸು ನಿಂದೇ, ಅದಕ್ಕೆ ಯಾರು ಆಸೆ ಪಡ್ತಾರೆ? ಅದನ್ನ ನೀನೇ ಹೊತ್ಕೊಂಡು ಬಾ. ಅದು ಬರ್ದೇ ಇದ್ರೆ ಆಗೋದೇ ಇಲ್ಲ," ಎಂದು ಕೋದಂಡರಾಮಪ್ಪ ಸೊಣ್ಣಪ್ಪ ಬಿಟ್ಟಿದ್ದ ಜಲ್ಲನ್ನು ಅವನ ಕೈಗೆ ತುರುಕಿ ಟೆಂಪೋ ಹತ್ತಿದ.

ಕಾರ್ಯಕ್ರಮ ಗೆದ್ದ ಖುಷಿಗೆ ಕೋರಸ್ ಹುಡುಗಿಯರನ್ನೂ ಟೆಂಪೋದಲ್ಲೇ ಹತ್ತಿಸಿಕೊಂಡಿದ್ದರು. ಸೀಟೆಲ್ಲ ತುಂಬಿದ್ದರಿಂದ ಮುನಿಕೃಷ್ಣಪ್ಪ ಹಿಂದೆ ತನ್ನ ಬಾಕ್ಸಿನ ಮೇಲೆ ಕೂತ. ಹುತ್ತೂರಿನ ರಸ್ತೆಯಲ್ಲಿ ಗುಂಡಿಗಳಿಗೆ ಬರವಿರಲಿಲ್ಲ. ಟೆಂಪೋ ಒಂದೊಂದಕ್ಕೂ ಇಳಿದು ಹತ್ತುವಾಗ, ಅವನು ಎಷ್ಟೇ ಬಿಗಿಯಾಗಿ ಹಿಡಿದರೂ ಅವನ ಕೈಯಲ್ಲಿದ್ದದ್ದು ಜಲ್ ಎನ್ನುತ್ತಿತ್ತು.

ಮುಂದಿನ ಸೀಟಿನಿಂದ ಕೋದಂಡರಾಮಪ್ಪ ತಿರುಗಿ ನೋಡಿ ಮೆಚ್ಚುಗೆಯಿಂದ ನಕ್ಕ.

"ನೋಡಿದ್ಯಾ ಮುನಿಕೃಷ್ಣ? ಈಗ ನಿಂದು ಎಷ್ಟು ಚೆನ್ನಾಗಿ ಕೇಳಿಸ್ತದೆ!"