ಆ ಕಂದು ಹೋತ ಹದಿಮೂರೇ ಕೆಜಿ

"ಏನ್ರೀ, ಆ ಕಂದು ಹೋತ ಹದಿಮೂರೇ ಕೆಜಿ ಬೀಳೋದು. ನೀವು ಹದಿನೈದು ಅಂತ ಒಪ್ಕೊಂಡ್ಬುಟ್ಟಿದ್ದೀರಿ. ಹೊಸ ಅಗ್ರಹಾರದ ಗೌಡ್ರಿಗೆ ಈಗ್ಲೇ ಫೋನ್ ಮಾಡಿ ಹೇಳ್ಬುಡಿ. ಮರೀಬ್ಯಾಡಿ."

ನನ್ನ ಹೆಂಡತಿ ನನಗೆ ಹೇಳಿದ ಕೊನೆ ಮಾತು ಇದು. ನಾನು "ಆಯ್ತು ಬುಡು" ಅಂದೆ. ಮಚ್ಚು ತಟ್ಟಿಸಿಕೊಂಡು ಬರಲು ಕುಲುಮೆಗೆ ಹೋದೆ. ಅರ್ಧ ಗಂಟೆ ಬಿಟ್ಟು ಬಂದೆ. ಅವಳು ಹಿತ್ತಲ ಗೋಡೆಗೆ ಒರಗಿ ಕೂತಿದ್ದಳು. ಕರೆದೆ. ಏಳಲಿಲ್ಲ. ಆ ಫೋನ್ ನಾನು ಮಾಡಲಿಲ್ಲ.

ಹುಣಸೂರಿನಲ್ಲಿ ನನ್ನದು ಮಟನ್ ಅಂಗಡಿ, ಹಿಂದೆಯೇ ಮನೆ. ಓದಿದ್ದು ಮೂರನೇ ಕ್ಲಾಸು. ನಮ್ಮ ಕಸುಬಿನಲ್ಲಿ ಕೊಯ್ಯುವುದು ಕಷ್ಟವಲ್ಲ. ನಿಂತಿರುವ ಪ್ರಾಣಿಯನ್ನು ನೋಡಿ ಒಳಗೆ ಎಷ್ಟು ಕೆಜಿ ಬಾಡು, ಅಂದರೆ ಮಾಂಸ, ಇದೆ ಅಂತ ಹೇಳುವುದು ಕಷ್ಟ. ಊಟಕ್ಕೆ ಇಷ್ಟು ಕೆಜಿ ಅಂತ ಒಪ್ಪಿಕೊಂಡ ಮೇಲೆ ಅಷ್ಟು ಬೀಳಬೇಕು. ನಾವು ಎಷ್ಟು ಒಪ್ಪಿಕೊಂಡಿದ್ದೇವೆ ಅಂತ ಪ್ರಾಣಿಗೆ ಗೊತ್ತಿರಲ್ಲ. ಹಾಗಾಗಿ ವಾರಕ್ಕೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಅವನ್ನು ಹೇಳಿಕೊಂಡು ನಗುವುದು ಅವಳಿಗೆ ಇಷ್ಟ. ಅದಕ್ಕೇ ನಾಲ್ಕು ಬರೀತೀನಿ.

೧. ಉಣ್ಣೆ ಟಗರು

ಮದುವೆಯಾಗಿ ಎರಡನೇ ವಾರ. ಅಂಗಡಿ ಆಗ ಅಪ್ಪನದು. ಒಂದು ಟಗರು ಬಂತು. ಮೈ ತುಂಬ ಉಣ್ಣೆ. ನೋಡಿದರೆ ಹಾಸಿಗೆ ನಡೆದು ಬಂದಂಗಿತ್ತು.

"ಇಪ್ಪತ್ತು ಕೆಜಿ ಬೀಳ್ತದೆ" ಅಂದೆ. ಹೊಸ ಹೆಂಡತಿಗೆ ಕೇಳಲಿ ಅಂತ ಸ್ವಲ್ಪ ಜೋರಾಗೇ ಅಂದೆ.

ಅವಳು ಬಿಂದಿಗೆ ಇಳಿಸಿ ಬಂದಳು. ಅವಳ ಅಪ್ಪ ಕುರಿಮಂದೆ ಸಾಕಿದವರು. ಟಗರಿನ ಸೊಂಟದ ಮೇಲೆ ಬೆರಳು ಊರಿದಳು. ಉಣ್ಣೆಯೊಳಗೆ ಬೆನ್ನುಮೂಳೆ ಹುಡುಕಿದಳು. ಎರಡು ಕಡೆ ಅಮುಕಿದಳು.

"ಹನ್ನೊಂದು" ಅಂದಳು.

"ಮಿಕ್ಕಿದ್ದು?"

"ಮಿಕ್ಕಿದ್ದು ಕಂಬ್ಳಿ ಕಣ್ರೀ."

ಕೊಯ್ದು ತೂಗಿದೆವು. ಹನ್ನೊಂದು ಕಾಲು. ಆ ಕಾಲು ಕೆಜಿ ಹೇಗೆ ತಪ್ಪಿತು ಅಂತ ಅವಳು ಆವತ್ತೆಲ್ಲ ಮುಖ ಊದಿಸಿಕೊಂಡಿದ್ದಳು. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಮಗಾ, ಇನ್ಮ್ಯಾಕೆ ಕೊಯ್ಯದು ನೀನು ಕೊಯ್ಯಿ. ಹೇಳದು ಸೊಸೆ ಹೇಳ್ಲಿ. ನೀನು ಬಾಯಿ ಬುಡಬ್ಯಾಡ."

೨. ಎರಡು ಕೆಜಿ ಎಲ್ಲಿ ಹೋಯ್ತು

ಹಾರನಹಳ್ಳಿ ಕಡೆಯ ಒಬ್ಬರು ಮೇಷ್ಟ್ರು. ರಿಟೈರ್ ಆಗಿದ್ದರು. ಸಾಕಿದ ಮೇಕೆಯನ್ನು ಆಟೋದಲ್ಲಿ ತೊಡೆ ಮೇಲೆ ಮಲಗಿಸಿಕೊಂಡು ತಂದರು. ಕೊಯ್ದು ಕೊಡಬೇಕು. ಹೊರಡುವ ಮುಂಚೆ ಊರಲ್ಲಿ ಹೊಗೆಸೊಪ್ಪು ತೂಗುವ ಕಾಟಾ ಮೇಲೆ ನಿಲ್ಲಿಸಿ ತೂಕ ನೋಡಿದ್ದರಂತೆ. ಚೀಟಿಯಲ್ಲಿ ಬರೆದಿಟ್ಟಿದ್ದರು. ಇಪ್ಪತ್ತಾರು ಕೆಜಿ.

ಬಾಡು ಹನ್ನೆರಡು ಬಿತ್ತು.

"ಇಪ್ಪತ್ತಾರರಲ್ಲಿ ಹನ್ನೆರಡು ಕಳೀರಿ. ಎಷ್ಟು?" ಅಂತ ನನ್ನನ್ನೇ ಕೇಳಿದರು. ಕೈ ಕಟ್ಟಿಕೊಂಡು ನಿಂತುಬಿಟ್ಟೆ. ಮೂರನೇ ಕ್ಲಾಸಿನ ಅಭ್ಯಾಸ.

ತಲೆ, ಕಾಲು, ಚರ್ಮ, ರಕ್ತ, ಲಿವರ್ ಅಂತಾರಲ್ಲ ಆ ಈಲಿ, ಬೋಟಿ, ಬೋಟಿಯೊಳಗಿನ ಸಗಣಿ ಸಮೇತ ಎಲ್ಲ ತಕ್ಕಡಿಗೆ ಹಾಕಿದೆ. ಬಾಡೂ ಸೇರಿ ಇಪ್ಪತ್ನಾಲ್ಕು ಬಂತು.

"ಇನ್ನೂ ಎರಡು ಕೆಜಿ ಎಲ್ಲಿ?" ಅಂದರು. ಜನ ಸೇರಿದರು. ನನ್ನನ್ನು ಕಳ್ಳನ ಥರ ನೋಡಿದರು.

ಹೆಂಡತಿ ಒಳಗಿಂದ ಬಂದಳು. "ಮೇಷ್ಟ್ರೇ, ತೂಗೋ ಮುಂಚೆ ಮೇಕೆಗೆ ಏನಾರ ಕುಡಿಸಿದ್ರಾ?"

"ಪಾಪ, ಬಿಸಿಲು ಅಂತ ಬೂಸಾ ನೀರು ಕೊಟ್ಟೆ. ಅರ್ಧ ಬಕೆಟ್ಟು ಕುಡೀತು."

"ಹಂಗಾದ್ರೆ ಆ ಎರಡು ಕೆಜಿ ನಮ್ಮ ಅಂಗಡೀಲಿಲ್ಲ. ನಿಮ್ಮ ಪಂಚೇಲಿ ಐತೆ, ನೋಡ್ಕಳಿ."

ಮೇಷ್ಟ್ರು ಪಂಚೆ ಮುಟ್ಟಿ ನೋಡಿಕೊಂಡರು. ತೊಡೆಯಿಂದ ಕೆಳಗೆ ಒದ್ದೆ. ಚೀಟಿ ತೆಗೆದು, ಕೆಳಗೆ ಇನ್ನೊಂದು ಸಾಲು ಬರೆದು, ಲೆಕ್ಕ ಸರಿಹೋಯಿತು ಅಂತ ಅಡ್ಡಗೆರೆ ಎಳೆದರು.

೩. ಗುಡ್ಡೆ ಬಾಡು

ಯುಗಾದಿ ಮಾರನೇ ದಿನ ಹೊಸತೊಡಕು. ಆವತ್ತು ಕೋಟೆ ಕಡೆಯ ಒಂದು ಹಳ್ಳಿಗೆ ನಾವಿಬ್ಬರೂ ಹೋಗುವುದು ವಾಡಿಕೆ. ಇಪ್ಪತ್ತು ಮನೆಯವರು ಸೇರಿ ಎರಡು ಟಗರು ಕೊಯ್ಯಿಸುತ್ತಾರೆ. ತಕ್ಕಡಿ ಮುಟ್ಟುವಂತಿಲ್ಲ. ಬಾಳೆ ಎಲೆ ಹಾಸಿ ಇಪ್ಪತ್ತು ಗುಡ್ಡೆ ಹಾಕಬೇಕು. ಪ್ರತಿ ಗುಡ್ಡೆಯಲ್ಲೂ ಬಾಡು, ಮೂಳೆ, ಈಲಿ, ಬೋಟಿ ಎಲ್ಲ ಇರಬೇಕು. ನಾನು ಕೊಯ್ದು ಹಾಕುತ್ತೇನೆ. ಅವಳು ಕಣ್ಣಲ್ಲೇ ತೂಗಿ, ಅಲ್ಲಿಂದ ಒಂದು ತುಂಡು ಇಲ್ಲಿಗೆ, ಇಲ್ಲಿಂದ ಒಂದು ಅಲ್ಲಿಗೆ. ಆದರೂ ಒಂದರಲ್ಲಿ ಈಲಿ ಜಾಸ್ತಿ, ಒಂದರಲ್ಲಿ ಬೋಟಿ ಜಾಸ್ತಿ ಆಗಿಯೇ ಆಗುತ್ತದೆ. ಈಲಿ ಅಂದರೆ ಎಲ್ಲರಿಗೂ ಆಸೆ, ಬೋಟಿ ಯಾರಿಗೂ ಬೇಡ.

ಅದಕ್ಕೆ ಜಗಳ ಬರಬಾರದು ಅಂತ ಒಂದು ಪದ್ಧತಿ. ಊರ ಯಜಮಾನರು ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ನಾನು ಒಂದು ಗುಡ್ಡೆ ತೋರಿಸಿ "ಇದು ಯಾರ್ದು?" ಅನ್ನಬೇಕು. ಅವರು ನೋಡದೆ ಒಂದು ಮನೆ ಹೆಸರು ಹೇಳಬೇಕು. ಹೇಳಿದ ಮನೆಗೆ ಆ ಗುಡ್ಡೆ.

ಪ್ರತಿ ವರ್ಷ ಈಲಿ ಜಾಸ್ತಿ ಇರೋ ಗುಡ್ಡೆಗೆ ಕೈ ತೋರಿಸಿದಾಗ ಯಜಮಾನರು "ಅದು ನಮ್ದು" ಅನ್ನುತ್ತಿದ್ದರು. ಜನ "ಯಜಮಾನ್ರ ಅದೃಷ್ಟ ಕಣಪ್ಪ" ಅನ್ನುತ್ತಿದ್ದರು.

ಒಂದು ವರ್ಷ ಅವಳು ನನ್ನ ಕಿವಿಯಲ್ಲಿ ಅಂದಳು: "ಅವರ ಎದುರಿಗೆ ನಿಂತೈತಲ್ಲ ಬೈಕು, ಅದರ ಕನ್ನಡಿ ನೋಡಿ. ಹೋಗಿ ತಿರುಗಿಸಿ."

ನೋಡಿದೆ. ಕನ್ನಡಿಯಲ್ಲಿ ಇಪ್ಪತ್ತು ಗುಡ್ಡೆಯೂ ಕಾಣುತ್ತಿತ್ತು. ಅವರು ಊರ ಯಜಮಾನರು, ಅವರ ಎದುರಿಗೇ ಹೇಗೆ ತಿರುಗಿಸೋದು ಅಂತ ನಾನು ಯೋಚನೆ ಮಾಡುತ್ತಾ ನಿಂತೆ. ಅವಳೇ ಹೋದಳು. ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿ ಬಂದಳು. ಅವಳದು ಹಾಗೇ. ಒಂದು ಸಲ ಹೇಳೋಳು. ಎರಡನೇ ಸಲ ಹೇಳೋಳಲ್ಲ, ತಾನೇ ಮಾಡೋಳು.

ಯಜಮಾನರಿಗೆ ಈಗ ಯಾವುದು ಅಂತ ಗೊತ್ತಾಗಲಿಲ್ಲ. ಈಲಿ ಗುಡ್ಡೆ ಇನ್ನೂ ಬಂದಿಲ್ಲ ಅಂದುಕೊಂಡು ಒಂದೊಂದು ಗುಡ್ಡೆಗೂ ಬೇರೆಯವರ ಹೆಸರು ಹೇಳುತ್ತಾ ಹೋದರು. ಕೊನೆಗೆ ಉಳಿದದ್ದು ಅವರ ಮನೆ. ಅದರ ಪಾಲಿಗೆ ಬೋಟಿಯೇ ಜಾಸ್ತಿ ಇದ್ದ ಗುಡ್ಡೆ.

"ಈ ವರ್ಸ ಯಾಕೋ ಅದೃಷ್ಟ ನೆಟ್ಟಗಿಲ್ಲ" ಅಂದರು.

"ಅದೃಷ್ಟ ನೆಟ್ಟಗೈತೆ ಯಜಮಾನ್ರೇ. ಕನ್ನಡಿ ಸೊಟ್ಟಗಾಗೈತೆ" ಅಂದಳು.

೪. ಕಂದು ಹೋತ

ಅವಳು ಹೋದ ಮೇಲೆ ಅಂಗಡಿ ತೆಗೆಯಲಿಲ್ಲ. ಗೌಡರಿಗೆ ಒಪ್ಪಿಕೊಂಡಿದ್ದ ಕಂದು ಹೋತ ಹಿತ್ತಲಲ್ಲೇ ಉಳಿಯಿತು. ಅವರ ಬೀಗರೂಟ ಬೇರೆ ಯಾರದೋ ಬಾಡಿನಲ್ಲಿ ಮುಗಿಯಿತು ಅಂತ ಕೇಳಿದೆ. ಮನೆಗೆ ನೆಂಟರು ಬಂದರು. ಬಂದವರಿಗೆ ಏನು ಮಾತಾಡಬೇಕೋ ಗೊತ್ತಾಗದು. ಎದ್ದು ಹಿತ್ತಲಿಗೆ ಹೋಗಿ ಹೋತಕ್ಕೆ ಏನಾದರೂ ತಿನ್ನಿಸೋರು. ಹಲಸಿನ ಸೊಪ್ಪು, ಬಾಳೆಹಣ್ಣು, ಉಪ್ಪಿಟ್ಟು. ನನಗೆ ಊಟ ಸೇರದಿದ್ದರೆ ಅದೂ ಹೋತಕ್ಕೆ.

ಹನ್ನೊಂದನೇ ದಿನ ತಿಥಿ. ನಮ್ಮಲ್ಲಿ ತಿಥಿಗೆ ಬಾಡೂಟ. ಎರಡು ಟಗರು ತಂದಿದ್ದೆವು, ಜೊತೆಗೆ ಈ ಹೋತ. ಸಾಲುತ್ತೋ ಇಲ್ಲವೋ ಅಂತ ಮಾತು ಬಂತು. ನನ್ನ ಬಾಮೈದ, ಹ್ಯಾಂಡ್‌ಪೋಸ್ಟ್ ಊರಿನವನು, ಹೋತ ನೋಡಿ "ಹದಿನೈದಕ್ಕೆ ಮೋಸ ಇಲ್ಲ ಭಾವ" ಅಂದ.

"ಹದಿಮೂರು" ಅಂದೆ.

"ಕಣ್ಣು ಬುಟ್ಟು ನೋಡು ಭಾವ. ಹೊಟ್ಟೆ ಹೆಂಗದೆ."

"ನಿಮ್ಮಕ್ಕ ಹದಿಮೂರು ಅಂದವ್ಳೆ."

ಅದು ಅವಳ ಕೊನೆ ಮಾತು ಅಂತ ಎಲ್ಲರಿಗೂ ಗೊತ್ತಿತ್ತು. ಹದಿನೈದು ಬಿದ್ದರೆ ಏನು ಗತಿ? ಅವಳು ಇಷ್ಟು ವರ್ಷ ಹೇಳಿದ್ದರಲ್ಲಿ ತಪ್ಪಿದ್ದು ಬರೀ ಕಾಲು ಕೆಜಿ.

ಆವತ್ತು ನಾನು ಮಚ್ಚು ಮುಟ್ಟಲಿಲ್ಲ. ಪಕ್ಕದ ಕೋಳಿ ಅಂಗಡಿಯ ಭಾಯಿ ಬಂದು ಹಿತ್ತಲಲ್ಲಿ ಕೊಯ್ದ. ತುಂಡು ಮಾಡಿ, ದೊಡ್ಡ ಪಾತ್ರೆಗೆ ತುಂಬಿ, ಎಲ್ಲರ ಎದುರಿಗೆ ತಂದು ತೂಗಿದ. ಪಾತ್ರೆ ತೂಕ ಕಳೆದ.

ಹದಿಮೂರು. ಒಂದು ಚೂರು ಆಚೆ ಇಲ್ಲ, ಈಚೆ ಇಲ್ಲ.

"ಅಕ್ಕಾ!" ಅಂತ ಬಾಮೈದ ಅಲ್ಲೇ ಕೂತುಬಿಟ್ಟ. ಹೆಂಗಸರು ಅತ್ತರು. ಒಬ್ಬರು ತಕ್ಕಡಿಗೇ ಕೈ ಮುಗಿದರು. ನಾನು ಆವತ್ತು ಎರಡು ಮುದ್ದೆ ಉಂಡೆ.

ಊಟ ಮುಗಿದ ಮೇಲೆ ಅಡಿಗೆಯವನು ಕೈ ಒರೆಸಿಕೊಳ್ಳುತ್ತಾ ಬಂದ. "ಅಣ್ಣ, ಬೆಳಿಗ್ಗೆ ಚರ್ಮ ಸುಲಿದ ತಕ್ಷಣ ಹೋತದ್ದೊಂದು ಹಿಂದಿನ ತೊಡೆ ಎತ್ಕಂಡೋಗಿ ಒಲೆಗೆ ಹಾಕಿದ್ದೆ, ಚಾಕ್ರಿಯೋರಿಗೆ ಅಂತ. ಎರಡು ಕೆಜಿ ಬಂತು. ಭಾಯಿಗೆ ಹೇಳಿದ್ದೆ. ಲೆಕ್ಕಕ್ಕೆ ಹಾಕಂಡ್ರಾ?"

ನಾನು ಭಾಯಿ ಮುಖ ನೋಡಿದೆ. ಭಾಯಿ ಆಕಾಶ ನೋಡಿದ.

ಹದಿಮೂರು, ಎರಡು, ಹದಿನೈದು. ಜನ್ಮದಲ್ಲಿ ಒಂದೇ ಸಲ ನನ್ನ ಅಂದಾಜು ಸರಿಯಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ಅವಳು ಒಪ್ಪುತ್ತಿರಲಿಲ್ಲ. "ಹನ್ನೊಂದು ದಿನ ಉಪ್ಪಿಟ್ಟು ತಿಂದದೆ, ಆ ಲೆಕ್ಕ?" ಅನ್ನುತ್ತಿದ್ದಳು.

ಮಾರನೇ ದಿನ ಬೆಳಿಗ್ಗೆ ಎದ್ದೆ. ಮುಖ ತೊಳೆದೆ. ಫೋನ್ ತೆಗೆದು ಹೊಸ ಅಗ್ರಹಾರದ ಗೌಡರಿಗೆ ಮಾಡಿದೆ. ಅವಳು ಹೇಳಿದ ಕೆಲಸ ಬಾಕಿ ಇಟ್ಟುಕೊಂಡು ಅಂಗಡಿ ತೆಗೆಯಲು ಮನಸ್ಸು ಬರಲಿಲ್ಲ.

"ಗೌಡ್ರೇ, ಹುಣಸೂರಿಂದ, ಮಟನ್ ಅಂಗಡಿ. ಆ ಕಂದು ಹೋತ ಹದಿಮೂರೇ ಬೀಳೋದು. ಹದಿನೈದು ಆಗಕಿಲ್ಲ."

"ಗೊತ್ತು ಕಣಪ್ಪ. ಆವತ್ತೇ ನಿಮ್ಮನೆಯವ್ವ ಫೋನ್ ಮಾಡಿ ಹೇಳಿತ್ತು."

"ಯಾವಾಗ?"

"ನೀನು ಕುಲುಮೆಗೆ ಹೋಗಿದ್ಯಂತೆ, ಆಗ. ನಿಮ್ಮ ಯಜಮಾನ್ರಿಗೇ ಫೋನ್ ಮಾಡಾಕೆ ಹೇಳ್ಬೋದಿತ್ತಲ್ಲವ್ವ ಅಂದೆ. 'ಹೇಳಿ ಕಳ್ಸಿದ್ದೀನಿ ಗೌಡ್ರೇ. ಅವ್ರು ಫೋನ್ ಮಾಡಾಕೆ ಇನ್ನು ಹದಿನೈದು ದಿನ ಆಯ್ತದೆ. ಅದಕ್ಕೇ ನಾನೇ ಮಾಡ್ದೆ' ಅಂತು."

ಬೆರಳು ಮಡಿಸಿ ಎಣಿಸಿದೆ. ಹನ್ನೆರಡು. ಅವಳ ಅಂದಾಜಿಗಿಂತ ಮೂರು ದಿನ ಮುಂಚೆ ಮಾಡಿದ್ದೆ.

ಜೋರಾಗಿ ನಕ್ಕೆ. ಏನಾಯಿತೋ ಅಂತ ಭಾಯಿ ಪಕ್ಕದಿಂದ ಓಡಿ ಬಂದ. ಏನಿಲ್ಲ ಅಂದೆ. ಅಂಗಡಿ ಬಾಗಿಲು ತೆಗೆದೆ.