ಶಾಂತಪ್ಪನಿಗೆ ಲೋಕಲ್ಲಿನಲ್ಲಿ ಬೀಳ್ಕೊಡುಗೆ

ಒಬ್ಬ ಮನುಷ್ಯ ತನ್ನ ಸಂಶಯವನ್ನು ನಂಬಿಕೆಯಿಂದ ನಿಮ್ಮ ಕಿವಿಗೆ ಹಾಕಿದರೆ, ಅದನ್ನೇ ಅವನ ನಿರ್ಧಾರವೆಂದು ಊರಿಗೆಲ್ಲ ಸಾರುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ತಲೆ ತಗ್ಗಿಸಬೇಡಿ, ಉತ್ತರ ಹೇಳಿ. ನೀವೂ ಮಾಡಿದ್ದೀರಿ, ನಿಮ್ಮ ನೆರೆಯವರೂ ಮಾಡಿದ್ದಾರೆ. ಮುಂಬಯಿಯ ಆಂಟಾಪ್ ಹಿಲ್ಲಿನ ಬಸವಂತರಾಯರು ಒಂದು ಶುಕ್ರವಾರ ಮಾಡಿದ್ದನ್ನು ಮಾತ್ರ ಇಲ್ಲಿ ಬರೆಯಲಾಗಿದೆ.

ಬಸವಂತರಾಯರ ಮೇಲಿನ ಮಹಡಿಯಲ್ಲಿ ಶಾಂತಪ್ಪನ ಮನೆ. ಇಂಡಿ ತಾಲ್ಲೂಕಿನಿಂದ ಬಂದ ಶಾಂತಪ್ಪ ಹದಿನೇಳು ವರ್ಷಗಳಿಂದ ಕಾಂದಿವಲಿಯ ಒಂದು ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಸಯನ್ನಿನಲ್ಲಿ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ, ಕಾಂದಿವಲಿಯಲ್ಲಿ ಇಳಿಯಬೇಕು. ಮಗಳು ಯಕ್ಷಿತಾಳದು ಮಧ್ಯಾಹ್ನದ ಶಾಲೆ. ಅವನು ಹೊರಡುವಾಗ ಅವಳು ಎದ್ದಿರುತ್ತಿರಲಿಲ್ಲ, ಮರಳುವಾಗ ಮಲಗಿರುತ್ತಿದ್ದಳು. ಹತ್ತು ವರ್ಷದ ಹುಡುಗಿ ಕನ್ನಡವನ್ನು ಅಪರಿಚಿತ ಮೆಟ್ಟಿಲುಗಳಂತೆ ತಡವರಿಸಿ ಹತ್ತುತ್ತಿದ್ದಳು, ಹಿಂದಿಯನ್ನು ಜಾರುಬಂಡೆಯಂತೆ ಇಳಿಯುತ್ತಿದ್ದಳು. ಅವಳು ಬೆಳೆಯುತ್ತಿರುವುದು ತಂದೆಗೆ ಕಾಣುತ್ತಿದ್ದುದು ರವಿವಾರದಿಂದ ರವಿವಾರಕ್ಕೆ.

ಹೀಗಿರುವಾಗ ಸಯನ್ನಿನ ಒಂದು ಔಷಧಿ ವಿತರಕರ ಕಚೇರಿಯಿಂದ ಅವನಿಗೆ ನೌಕರಿಯ ಪತ್ರ ಬಂದಿತು. ಮನೆಯಿಂದ ಹದಿನೈದು ನಿಮಿಷದ ನಡಿಗೆ. ಶುಕ್ರವಾರ ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಬೇಕು. ಶಾಂತಪ್ಪ ಮೂರು ದಿನ ಯೋಚಿಸಿದನು, ತೀರ್ಮಾನಕ್ಕೆ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಸಯನ್ ಸ್ಟೇಶನ್ನಿನ ದಾರಿಯಲ್ಲಿ, ದಿನಾ ಜೊತೆಗೆ ಬರುವ ಬಸವಂತರಾಯರ ಕಡೆಗೆ ತಿರುಗಿದನು. ತಪ್ಪಾದದ್ದು ಅಲ್ಲಿಯೇ.

“ರಾಯರ, ಒಂದು ಮಾತು ಕೇಳ್ತೀನ್ರಿ. ಯಾರ ಮುಂದೂ ಆಡಬ್ಯಾಡ್ರಿ.”

“ನನ್ನ ಹೊಟ್ಟ್ಯಾಗ ಬಿದ್ದ ಮಾತು ಹೊರಗ ಬಂದದ್ದು ಎಂದಾರ ನೋಡೀಯೇನೋ ತಮ್ಮಾ?”

“ಸಯನ್ನಿನ್ಯಾಗ ಹೊಸಾ ನೌಕರಿ ಬಂದದರಿ. ಹೋಗಲೋ ಬ್ಯಾಡೋ ತಿಳೀವಲ್ದು. ನಮ್ಮ ಕಾರ್ಖಾನಿ ಸೇಠಜಿ ಛಲೋ ಮನಶ್ಯಾ. ಈ ವಯಸ್ಸಿನ್ಯಾಗ ಹೊಸಾ ಜಾಗಾ, ಸ್ಟಾಕೆಲ್ಲಾ ಕಂಪ್ಯೂಟರಿನ್ಯಾಗ. ಆದ್ರ ಹುಡುಗಿ ಕೈಬಿಟ್ಟು ಹೊಂಟಾಳ್ರಿ. ಅಪ್ಪಾ ಅಂದ್ರ ಗ್ವಾಡಿಗೆ ನೇತುಹಾಕಿದ ಅಂಗಿ ಅಂತ ತಿಳಿದಾಳ.”

“ಸಯನ್ನಿನ್ಯಾಗ! ಅಂದ್ರ ಮನಿ ಬಾಗಲಾಗ! ಹೂಂ ಅಂದ್ಬಿಡಪಾ!”

“ಇವತ್ತ ಸಂಜೀತನಕಾ ವಿಚಾರ ಮಾಡ್ತೀನ್ರಿ.”

ಬಸವಂತರಾಯರ ಮಟ್ಟಿಗೆ ವಿಚಾರ ಮುಗಿದಿತ್ತು. ಸ್ಟೇಶನ್ನಿನ ಮೆಟ್ಟಿಲು ಹತ್ತುವಾಗ ಅವರು ಒಂದು ಹೆಜ್ಜೆ ಹಿಂದೆ ಉಳಿದರು. ಅವರ ಹೆಬ್ಬೆರಳು ಮೊಬೈಲಿನ ಮೇಲೆ ಶಾವಿಗೆ ಹೊಸೆಯುವವರ ಬೆರಳಿನಂತೆ ಓಡಾಡಿತು.

ದಾದರಿನಿಂದ ಬೋರಿವಲಿಗೆ ಹೋಗುವ ಬೆಳಗಿನ ಗಾಡಿಯಲ್ಲಿ ಇವರದೊಂದು ತಂಡವಿತ್ತು. ಹಿರಿತನಕ್ಕೆ ತಕ್ಕಂತೆ ಅಲ್ಲಿ ಸೀಟು. ಹದಿನೇಳು ವರ್ಷದ ಶಾಂತಪ್ಪನಿಗೆ ಕಿಟಕಿ. ಯಾರಾದರೂ ನೌಕರಿ ಬಿಟ್ಟರೆ ಗಾಡಿಯಲ್ಲೇ ಬೀಳ್ಕೊಡುಗೆ, ಅವನ ಸೀಟು ಮುಂದಿನವನಿಗೆ. ಆ ಮುಂದಿನವನು ಸಂತು. ರಾಯರ ಮೆಸೇಜು ಓದಿದ ಮರುಕ್ಷಣವೇ ಅವನು ದಾದರಿನ ಹೂವಿನ ಮಾರ್ಕೆಟ್ಟಿಗೆ ಓಡಿದ್ದನು.

ಶಾಂತಪ್ಪ ಗಾಡಿಯ ಡಬ್ಬಿಯೊಳಗೆ ಕಾಲಿಟ್ಟದ್ದೇ ತಡ, ತೊಡೆಯವರೆಗೆ ಇಳಿಯುವ ಚೆಂಡುಹೂವಿನ ಹಾರ ಅವನ ಕೊರಳಿಗೆ ಬಿದ್ದಿತು. ಅವನು ಕಾರಹುಣ್ಣಿಮೆಯ ಎತ್ತಿನಂತೆ ಕಕ್ಕಾಬಿಕ್ಕಿಯಾಗಿ ನಿಂತನು.

“ಅಲ್ರಿ, ನಾ ಇನ್ನೂ ಹೂಂ ಅಂದಿಲ್ಲರೀ!”

“ನೋಡ್ರಪಾ, ಎಂಥಾ ಸಂಕೋಚದ ಮನಶ್ಯಾ!” ಎಂದು ಬಸವಂತರಾಯರು ಘೋಷಿಸಿದರು. ಇಡೀ ಡಬ್ಬಿ ಚಪ್ಪಾಳೆ ತಟ್ಟಿತು. ಬಾಂದ್ರಾದಿಂದ ಅಂಧೇರಿಯವರೆಗೆ ಭಾಷಣಗಳಾದವು. ಪೇಢೆ ಹಂಚಲಾಯಿತು. ಸಂತು ವಿಡಿಯೊ ಮಾಡಿ ಮುಗಿಸಿ, ವಿನಯದಿಂದ ಕೈಜೋಡಿಸಿದನು.

“ಏಳ್ರಿ ಅಣ್ಣಾ, ಸೀಟಿನ ಮುಹೂರ್ತಾ ಇವತ್ತಽ ಮಾಡಿಬಿಡೂಣು. ಶುಕ್ರವಾರ ಐತಿ, ಛಲೋ ದಿನಾ.”

ಶಾಂತಪ್ಪ ಎದ್ದನು. ಇಲ್ಲಿ ಅವನ ತಪ್ಪನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಹಾರವನ್ನು ತೆಗೆದಿಟ್ಟು “ಇದು ಸುಳ್ಳು” ಎಂದು ಗಟ್ಟಿಯಾಗಿ ಹೇಳಲು ಅವನಿಗೆ ಆರು ಸ್ಟೇಶನ್ನುಗಳಷ್ಟು ಸಮಯವಿತ್ತು. ಹೇಳಿದರೆ ಹಿರಿಯರಾದ ಬಸವಂತರಾಯರಿಗೆ ಅವಮಾನವಾದೀತೆಂದು ಅವನು ಸುಮ್ಮನೆ ಪೇಢೆ ತಿಂದನು. ಪರರ ಮಾನ ಕಾಯಲು ಸ್ವಂತ ಬಾಳನ್ನು ಅಡವಿಡುವ ಈ ದಾಕ್ಷಿಣ್ಯವನ್ನು ನಾವು ಒಳ್ಳೆಯತನವೆಂದು ಕರೆಯುತ್ತೇವೆ. ಹಾಗೆ ಕರೆಯುವುದನ್ನು ಬಿಡಬೇಕು.

ಕಾರ್ಖಾನೆಯ ಗೇಟಿನಲ್ಲಿಯೇ ಲೆಕ್ಕದ ವಿಭಾಗದ ಮಾಧುರಿ ಅವನನ್ನು ತಡೆದಳು. ಸಂತು ಪಕ್ಕದ ಕಾರ್ಖಾನೆಯವನು. ವಿಡಿಯೊ ಆ ಕೈಗಾರಿಕಾ ಎಸ್ಟೇಟಿನ ಎಲ್ಲ ಮೊಬೈಲುಗಳನ್ನೂ ಸುತ್ತಿ ಬಂದಿತ್ತು.

“ಕಾಕಾ, ನಮಗೊಂದು ಮಾತು ಹೇಳದ ಹೊಂಟೀರಲ್ರಿ. ಪೇಢೆ ಗಾಡ್ಯಾಗಿನವ್ರಿಗೆ ಅಷ್ಟಽ ಏನ್ರಿ?”

“ಮಾಧುರೀ, ನಾ ಹೊಂಟಿಲ್ಲವಾ.”

“ಹಂಗಾರ ಕಿವ್ಯಾಗ ಚೆಂಡ್ಹೂವಿನ ಎಸಳು ಯಾಕ ಅದಾವ್ರಿ? ಹೋಗ್ರಿ, ಸೇಠಜಿ ಕರ್ಯಾಕತ್ತಾರ.”

ಮುದುಕ ಸೇಠಜಿ ಬೈಯಲಿಲ್ಲ. ಬೈದಿದ್ದರೆ ಶಾಂತಪ್ಪ ಬದುಕುತ್ತಿದ್ದನು. ಮದುವೆಗೆ ಕರೆ ಬಾರದ ಬೀಗರ ಮುಖದಲ್ಲಿ, ಹದಿನೇಳು ವರ್ಷ ಜೊತೆಗಿದ್ದವನ ಸುದ್ದಿ ತಮಗೆ ಇದರಿಂದ ತಿಳಿಯಬೇಕೇ ಎಂಬಂತೆ, ಅವರು ಮೊಬೈಲನ್ನು ಅವನ ಕಡೆಗೆ ಸರಿಸಿದರು.

“ಸತ್ರಾ ಸಾಲ್, ಶಾಂತಪ್ಪಾ. ಔರ್ ಮುಝೇ ಇಸ್‌ಸೇ ಪತಾ ಚಲಾ?”

“ಸೇಠಜಿ, ಅಭೀ ಪಕ್ಕಾ ನಹೀಂ ಹೈ...”

“ಹಾರ್ ಪಹನ್ ಕೇ ಭೀ ಪಕ್ಕಾ ನಹೀಂ?”

ಹಾರ ಹಾಕಿಸಿಕೊಂಡೂ ಇನ್ನೂ ಪಕ್ಕಾ ಇಲ್ಲವೆಂದರೆ ಶಾಂತಪ್ಪನನ್ನು ನಂಬುವವರು ಯಾರು? ಮಳೆಗೆ ಸಿಕ್ಕ ರಟ್ಟಿನ ಪೆಟ್ಟಿಗೆಯಂತೆ ಅವನು ನಾಲ್ಕೂ ಕಡೆಯಿಂದ ಕುಸಿದನು. ಹೋಗುವವನನ್ನು ತಡೆಯುವವನು ತಾನಲ್ಲವೆಂದು ಸೇಠಜಿ ಹೇಳಿದರು. ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದ ತಮ್ಮ ಹೆಂಡತಿಯ ತಮ್ಮನನ್ನು ಆಗಲೇ ಕರೆಸಿಯೂ ಇದ್ದರು. ಮಧ್ಯಾಹ್ನ ಎರಡು ಗಂಟೆಗೆ ಸ್ಟೋರಿನ ಕೀಲಿ ಗೊಂಚಲು ಕೈ ಬದಲಾಯಿಸಿತು. ಸೇಠಜಿ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದರು. ಆ ಹಾರೈಕೆಯನ್ನು ಅವನು ಬಹಳ ದಿನ ಮರೆಯಲಾರನು.

ಮರಳುವ ಗಾಡಿ ಖಾಲಿಯಿತ್ತು. ಹದಿನೇಳು ವರ್ಷಗಳಲ್ಲಿ ಮೊದಲ ಸಲ ಶಾಂತಪ್ಪ ಆ ಹಳಿಗಳ ಮೇಲೆ ಮಧ್ಯಾಹ್ನದ ಬಿಸಿಲನ್ನು ಕಂಡನು. ಜೋಗೇಶ್ವರಿ ದಾಟುವಾಗ ಅವನ ಉಸಿರು ನಿಧಾನವಾಯಿತು. ದಿನಾ ಆರಕ್ಕೆ ಮನೆ. ಯಕ್ಷಿತಾಳ ಪಕ್ಕ ಕುಳಿತು ಚಹಾ. ಅವಳಿಗೆ ಕನ್ನಡದ ಒಂದೊಂದೇ ಅಕ್ಷರ. ದಾದರ್ ಬರುವಷ್ಟರಲ್ಲಿ ಸಂಶಯವೆಲ್ಲ ಹಬೆಯಂತೆ ಹಾರಿಹೋಗಿತ್ತು. ತನ್ನಿಂದಾಗದ್ದನ್ನು ಬಸವಂತರಾಯರು ಮಾಡಿಕೊಟ್ಟರೆಂದು ಅವನು ಅವರನ್ನು ಮನಸ್ಸಿನಲ್ಲಿಯೇ ವಂದಿಸಿದನು.

ನಾಲ್ಕೂವರೆಗೆ ಸಯನ್ನಿನ ಕಚೇರಿಯಲ್ಲಿ ನೇಮಕಾತಿ ನೋಡುವ ವೈಶಾಲಿ ನಗುನಗುತ್ತಾ ಕಾಗದ ಮುಂದಿಟ್ಟಳು. ಬೆಳಗಾವಿಯವಳು. ಶಾಂತಪ್ಪ ದೇವರನ್ನು ನೆನೆದು ಸಹಿ ಮಾಡಿದನು.

“ಛಲೋ ಆತ್ರಿ. ಸೋಮವಾರ ಒಂಬತ್ತಕ್ಕ ನೇರ ಗೋಡೌನಿಗೆ ಬಂದ್ಬಿಡ್ರಿ.”

“ಇಲ್ಲೇ ಅಲ್ರಿ?”

“ಇಲ್ಲಿ ಖಾಲಿ ಮಾಡಾಕತ್ತೇವ್ರಿ. ಸ್ಟೋರ್ ಎಲ್ಲಾ ಶಿಫ್ಟ್, ಕಾಂದಿವಲಿಗೆ.”

ಶಾಂತಪ್ಪ ಸಹಿ ಮಾಡಿದ ಕಾಗದವನ್ನು ಮೊದಲಿನಿಂದ ಓದತೊಡಗಿದನು.

“ಅದಕ್ಕಽ ಅಲ್ರಿ ನಿಮ್ಮನ್ನ ಆರಿಸಿದ್ದು!” ಎಂದು ವೈಶಾಲಿ ಹಿಗ್ಗಿನಿಂದ ಮುಂದುವರಿಸಿದಳು. “ಮೂವತ್ತು ಮಂದಿ ಬಂದಿದ್ರು. ಅಷ್ಟು ದೂರ ಯಾರೂ ತಿಂಗಳಾ ತಡೆಯಂಗಿಲ್ಲಂತ ಸಾಹೇಬರಿಗೆ ಕಾಳಜಿ. ನಿಮ್ಮ ಅರ್ಜಿ ನೋಡಿದ ಕೂಡಲೇ ಅಂದ್ರು, ಈ ಮನಶ್ಯಾ ಹದಿನೇಳು ವರ್ಷ ದಿನಾ ಕಾಂದಿವಲಿಗೆ ಹೋಗಿ ಬಂದಾನ, ಅವಗ ಆ ಹಾದಿ ಅಂದ್ರ ಪ್ರೀತಿ ಅಂತ!”

“ಮೊದಲಽ ಹೇಳಬೇಕಾಗಿತ್ತಲ್ರಿ, ತಂಗೀ.”

“ಯಾರಿಗೂ ಹೇಳಬ್ಯಾಡ ಅಂದಿದ್ರು ಸಾಹೇಬರು. ನಾ ಒಂದು ಪಿಟ್ಟ್ ಅನ್ನಲಿಲ್ಲ ನೋಡ್ರಿ!”

ಆ ಇಡೀ ದಿನ ಕೊಟ್ಟ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡವಳು ಅವಳೊಬ್ಬಳೇ.

ಕಚೇರಿಯಿಂದ ಹೊರಬಂದು, ಹಳೆಯ ಕೆಲಸ ಇನ್ನೂ ಉಳಿದಿದೆಯೇ ಎಂದು ಕೇಳಲು ಅವನು ಮಾಧುರಿಗೆ ಫೋನ್ ಮಾಡಿದನು. ಹೊಸ ಸ್ಟೋರ್‌ಕೀಪರ್ ಕೀಲಿ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡನೆಯ ಚಹಾ ತರಿಸಿದ್ದಾನೆಂದು ತಿಳಿಯಿತು.

ಮನೆಯಲ್ಲಿ ಹೆಂಡತಿ ಮಹಾದೇವಿಗೂ ವಿಡಿಯೊ ತಲುಪಿತ್ತು. ಶಾಲೆಯಿಂದ ಬಂದ ಯಕ್ಷಿತಾ ಸಮವಸ್ತ್ರವನ್ನೂ ಬದಲಿಸದೆ ಬಾಗಿಲಿಗೆ ಓಡಿ ಬಂದಳು. ಕೈಯಲ್ಲಿ ಹೊಸ ನೋಟುಬುಕ್ಕು.

“ಅಪ್ಪಾ, ಮಮ್ಮಿ ಹೇಳಿದ್ಳು. ಅಬ್ ಸೇ ನೀವು ರೋಜ್ ಶಾಮ್ ಮನಿಯಲ್ಲಿ ಇರ್ತೀರಿ ನಾ? ನನಗೆ ಲಿಖ್ನಾ... ಬರೀಲಿಕ್ಕೆ ಕಲಿಸ್ತೀರಿ?”

ಶಾಂತಪ್ಪ ಬಾಯಿ ತೆರೆದನು. ಬೆಳಿಗ್ಗೆಯಿಂದ ಎಲ್ಲಿಯೂ ಗಟ್ಟಿಯಾಗಿ ಆಡಲಾಗದ “ಇಲ್ಲ” ಎಂಬ ಮಾತು ಇಲ್ಲಿಯೂ ಹೊರಡಲಿಲ್ಲ. “ಬಾ, ಕೂಡು ಬಾ” ಎಂದನು. ಆ ಸಂಜೆ, ಶನಿವಾರ, ರವಿವಾರ ಕುಳಿತು ತಂದೆಮಗಳು ‘ಅ’ದಿಂದ ‘ಈ’ವರೆಗೆ ಬಂದರು. ‘ಉ’ ಸೋಮವಾರದ ಸಂಜೆಗೆಂದು ಯಕ್ಷಿತಾ ತಾನೇ ನಿಶ್ಚಯಿಸಿದಳು. ಸೋಮವಾರ ಬೆಳಿಗ್ಗೆ, ಅವಳು ಏಳುವ ಮೊದಲೇ, ಶಾಂತಪ್ಪ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮನೆಯಿಂದ ಹೊರಬಿದ್ದನು.

ಈಗ ಅವನು ಅದೇ ಗಾಡಿಯಲ್ಲಿ ಹೋಗುತ್ತಾನೆ. ತಂಡದ ನಿಯಮ ಕಟ್ಟುನಿಟ್ಟಾದದ್ದು. ಬಿಟ್ಟು ಹೋಗಿ ಮರಳಿ ಬಂದವನು ಸೀಟಿನ ಸಾಲಿನಲ್ಲಿ ಕೊನೆಯವನು. ಸಂತು ಕಿಟಕಿಯ ಹೊರಗಿನ ಸಿಗ್ನಲ್ಲುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಾನೆ. ಬಸವಂತರಾಯರು ಮಾತ್ರ ದಿನಕ್ಕೊಂದು ಸಲ “ನನ್ನ ಕೇಳಿದ್ರ, ತಮ್ಮಾ...” ಎಂದು ಆರಂಭಿಸುತ್ತಾರೆ.

ಓದುಗರೇ, ದಾದರಿನಿಂದ ಹೊರಡುವ ಬೆಳಗಿನ ಗಾಡಿಯಲ್ಲಿ ಕಂಬಕ್ಕೆ ಒರಗಿ, ಊಟದ ಚೀಲವನ್ನು ಎದೆಗೆ ಅವಚಿಕೊಂಡು ನಿಂತ ನಲವತ್ತಾರರ ಮನುಷ್ಯನೊಬ್ಬ ಕಂಡರೆ ದಯವಿಟ್ಟು ಅವನನ್ನು ಏನೂ ಕೇಳಬೇಡಿ, ಅವನಿಗೆ ಏನೂ ಹೇಳಬೇಡಿ. ಮೂವರು ಕೂಡುವ ಬೆಂಚಿನಲ್ಲಿ ಸ್ವಲ್ಪ ಒತ್ತಿ ಕುಳಿತು ಅವನಿಗೊಂದು ಗೇಣು ಜಾಗ ಮಾಡಿಕೊಡಿ.