ಎಲ್ಲದಕ್ಕೂ ಒಂದೇ ಗಟ್ಟಿ

ಕೆಲವು ಶಬ್ದಗಳು ಮನೆಯ ಹಿರಿಸೊಸೆಯ ಹಾಗೆ; ಯಾರ ಕೆಲಸ ಬಿದ್ದರೂ ಅವೇ ಮಾಡಬೇಕು. ‘ಗಟ್ಟಿ’ ಅಂಥದ್ದು. ತೆಂಗಿನ ಚಿಪ್ಪು ಗಟ್ಟಿ, ಮೊಸರು ಗಟ್ಟಿ, ಅತ್ತೆಯವರ ಆರೋಗ್ಯ ದೇವರ ದಯೆಯಿಂದ ಗಟ್ಟಿ. ನಮ್ಮ ಮಂಗಳೂರಿನಲ್ಲಂತೂ ಅರಿಶಿನದ ಎಲೆಗೆ ಅಕ್ಕಿಹಿಟ್ಟು ಹಚ್ಚಿ, ಒಳಗೆ ಕಾಯಿಬೆಲ್ಲ ಇಟ್ಟು ಹಬೆಯಲ್ಲಿ ಬೇಯಿಸುವ, ಬಾಯಲ್ಲಿಟ್ಟರೆ ಕರಗುವ ತಿಂಡಿಗೂ ಗಟ್ಟಿ ಎಂದೇ ಹೆಸರು. ಈ ಒಂದು ಶಬ್ದದಲ್ಲೇ ಸಂಸಾರ ನಡೆಸಿಕೊಂಡು ಬಂದ ನನಗೆ, ಅದು ಸಾಲದು ಎಂದು ಗೊತ್ತಾದದ್ದು ಮಗಳು ಶ್ರಾವ್ಯಾ ಇಂಜಿನಿಯರಿಂಗಿಗೆ ಸೇರಿದ ಮೇಲೆಯೇ.

ಅವಳಿಗೆ ಓದಲು ಬರುತ್ತದೆ, ಹೇಳಲು ಬರುವುದಿಲ್ಲ. ಬಾಯಿಪರೀಕ್ಷೆ ಎಂದರೆ ದನಿ ಗಂಟಲಲ್ಲೇ ಕೂತುಬಿಡುತ್ತದೆ. ಕಳೆದ ಸಲ ಹಾಗೆಯೇ ಫೇಲಾಗಿ ಬಂದಿದ್ದಳು. ಈ ಸಲವೂ ಹಾಗಾದರೆ ಕಾಲೇಜೇ ಬೇಡ ಎಂದು ಅತ್ತಳು. ಹಾಗಾಗಿ, ಗಟ್ಟಿಗೆಂದು ಕಾಯಿ ತುರಿಯುತ್ತಾ ನಾನೇ ಪರೀಕ್ಷಕಿಯಾದೆ. ಲೋಹ, ಗಾಜು ಮುಂತಾದ ವಸ್ತುಗಳ ಗುಣದ ಪಾಠ.

“ಗೀರಿದ್ರೂ ಗುರುತು ಬೀಳದಿದ್ರೆ ಹಾರ್ಡ್,” ಎಂದಳು.

“ಗಟ್ಟಿ ಅಂತ.”

“ಭಾರ ತಡಕೊಂಡ್ರೆ ಸ್ಟ್ರಾಂಗ್.”

“ಅದೂ ಗಟ್ಟಿಯೇ ಅಲ್ವಾ?”

“ಬಿದ್ರೂ ಒಡೆಯದಿದ್ರೆ ಟಫ್. ಗಾಜು ಹಾರ್ಡ್, ಆದ್ರೆ ಟಫ್ ಅಲ್ಲ.”

“ಹಾಗಾದ್ರೆ ಗಾಜು ಗಟ್ಟಿಯಾ, ಅಲ್ವಾ?”

“ಎಂತ ಮಾರಾಯ್ತಿ ಅಮ್ಮ! ಬೇರೆ ಶಬ್ದವೇ ಇಲ್ವಾ ನಿನ್ನ ಹತ್ರ?”

ಪಣಂಬೂರಿನ ಬಂದರಿನಿಂದ ಆಗಷ್ಟೇ ಕೆಲಸ ಮುಗಿಸಿ ಬಂದಿದ್ದ ನಮ್ಮವರು ಒಳಗಿನಿಂದಲೇ, “ನಿನ್ನಮ್ಮನ ತಲೆ ಆ ಮೂರೂ ಹೌದು,” ಎಂದರು. ಮಗಳು ನಕ್ಕಳು. ಆ ವಾರವಿಡೀ ನಗದಿದ್ದ ಹುಡುಗಿ. ನನ್ನ ತಲೆಯಿಂದ ಇಷ್ಟಾದರೂ ಉಪಕಾರವಾಯಿತಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಪರೀಕ್ಷೆಯ ದಿನ ಅವಳು ಬಸ್ಸು ಹತ್ತಿದ ಮೇಲೆ ದೇವರ ಮುಂದೆ ಕೂತು, “ಮಾರ್ಕು ನಿನ್ನಿಷ್ಟ, ಬಾಯಿಯೊಂದು ಬಿಡಿಸು,” ಎಂದು ಬೇಡಿದೆ. ಸಂಜೆ ಅವಳು ಚಪ್ಪಲಿ ಕಳಚುವ ಮೊದಲೇ ಕೂಗಿದಳು: “ಅಮ್ಮ, ಪಾಸ್! ಸರ್ ಅಲ್ಲೇ ಹೇಳಿದ್ರು. ಮೊದಲು ದನಿಯೇ ಬರಲಿಲ್ಲ. ಟಫ್‌ಗೆ ಮನೆಯದ್ದೇ ಒಂದು ಉದಾಹರಣೆ ಹೇಳು ಅಂದ್ರು, ಫಕ್ಕ ಹೇಳಿಬಿಟ್ಟೆ. ಅವರು ನಗಾಡಿದ್ರು. ಮತ್ತೆ ಎಂತ ಕೇಳಿದ್ರೂ ಹೇಳ್ತಾ ಹೋದೆ.”

“ಎಂತ ಹೇಳಿದ್ದು?”

“ಅಷ್ಟಮಿಗೆ ನೀನು ಮಾಡಿದ ಉಂಡೆ. ನೆಲಕ್ಕೆ ಬಿದ್ದು ಪುಟಿದು ಮಂಚದಡಿಗೆ ಹೋಯ್ತು, ಒಂದು ಬಿರುಕೂ ಬಿಡಲಿಲ್ಲ ಅಂದೆ.”

ಕಣ್ಣು ತುಂಬಿತು, ಅವಮಾನಕ್ಕೆ ಅಲ್ಲಿ ಜಾಗ ಉಳಿಯಲಿಲ್ಲ. ದೀಪ ಹಚ್ಚಲು ಹೋದಾಗ ಮಾತ್ರ ಕೃಷ್ಣನ ಮುಖ ನೋಡಲು ನಾಚಿಕೆಯಾಯಿತು. ಆ ಉಂಡೆಯನ್ನು ಎಲ್ಲರಿಗಿಂತ ಮೊದಲು ನೈವೇದ್ಯಕ್ಕಿಟ್ಟದ್ದು ಅವನಿಗೇ. ಪಾಪ, ಒಂದು ಮಾತೂ ಆಡಿರಲಿಲ್ಲ.